ವೆಂಟಿಲೇಟರ್ ತೆಗೆಸಿದರೆ ಪಾಪವಾ? ದಯಾಮರಣದ ಕಾನೂನು ಮತ್ತು ನಮ್ಮೂರಿನ ಧರ್ಮಗಳು

2025ರ ಜನವರಿ 30ರಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಆಸ್ಪತ್ರೆಗಳು ಹೇಗೆ ಪಾಲಿಸಬೇಕು ಅನ್ನೋದು ಅದರ ವಿಷಯ. ಸುದ್ದಿ ಊರಿಗೆ ಬಂದು ಮುಟ್ಟುವಾಗ ಬೇರೆಯೇ ಆಗಿತ್ತು. ‘ಇನ್ನು ತುಂಬ ನರಳುವವರಿಗೆ ಡಾಕ್ಟ್ರೇ ಇಂಜೆಕ್ಷನ್ ಕೊಟ್ಟು ಕಳಿಸ್ತಾರಂತೆ’ ಎಂದು ಉಡುಪಿಯಲ್ಲಿ ಓದಿದವರೇ ಹೇಳುವುದನ್ನು ಕೇಳಿದ್ದೇನೆ. ಕೆಲವರಿಗೆ ಅದು ಸಮಾಧಾನದ ಸುದ್ದಿ, ಇನ್ನು ಕೆಲವರಿಗೆ ಮಹಾಪಾಪ. ಎರಡು ಕಡೆಯವರೂ ಇಲ್ಲದ ಸಂಗತಿಗಾಗಿ ಜಗಳ ಆಡುತ್ತಿದ್ದರು.

ಭಾರತದಲ್ಲಿ ಯಾವ ಡಾಕ್ಟರೂ ಸಾಯಿಸುವ ಇಂಜೆಕ್ಷನ್ ಕೊಡುವಂತಿಲ್ಲ. ರೋಗಿಯೇ ಕೈಮುಗಿದು ಕೇಳಿಕೊಂಡರೂ ಇಲ್ಲ. ವಯಸ್ಕ ವ್ಯಕ್ತಿ ತಾನೇ ಒಪ್ಪಿದ್ದರೆ ಅದು ಕೊಲೆ ಅನ್ನಿಸಿಕೊಳ್ಳದೆ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅಪರಾಧ ಆಗುತ್ತದೆ. ಶಿಕ್ಷೆಯಂತೂ ತಪ್ಪುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದು ಹಾಗೇ ಉಳಿದಿದೆ. ನೆದರ್ಲೆಂಡ್ಸ್‌ನಲ್ಲಿ 2002ರಿಂದ ಡಾಕ್ಟರು ಕೆಲವು ಷರತ್ತುಗಳ ಒಳಗೆ ಹಾಗೆ ಮಾಡಬಹುದು. ಬೆಲ್ಜಿಯಂನಲ್ಲೂ ಅದೇ ವರ್ಷ ಕಾನೂನು ಬಂತು. ಸ್ವಿಟ್ಜರ್ಲೆಂಡಿನಲ್ಲಿ ಇನ್ನೊಂದು ರೀತಿ: ಔಷಧ ತಂದುಕೊಡಬಹುದು, ಕುಡಿಯುವುದನ್ನು ರೋಗಿಯೇ ಮಾಡಬೇಕು. ಇವು ಯಾವುದೂ ನಮ್ಮಲ್ಲಿಲ್ಲ, ಸುತ್ತೋಲೆಯಲ್ಲೂ ಇರಲಿಲ್ಲ.

ಇಲ್ಲಿ ಒಪ್ಪಿಗೆ ಇರುವುದು ಬೇರೆ ಸಂಗತಿಗೆ. ವಾಸಿಯಾಗುವ ಆಸೆ ಇಲ್ಲದ ರೋಗಿಗೆ ವೆಂಟಿಲೇಟರಿನಂಥ ಜೀವರಕ್ಷಕ ಉಪಕರಣ ಹಾಕದೆ ಇರುವುದು, ಹಾಕಿದ್ದರೆ ತೆಗೆಯುವುದು. ರೋಗ ತನ್ನ ದಾರಿ ಹಿಡಿಯುತ್ತದೆ, ನಾವು ಅಡ್ಡ ನಿಲ್ಲುವುದಿಲ್ಲ. ಇದನ್ನು ನಿಷ್ಕ್ರಿಯ ದಯಾಮರಣ ಅಂತಾರೆ. ಮೆದುಳು ಸತ್ತವರ ವಿಷಯ ಇದರಲ್ಲಿ ಬರುವುದಿಲ್ಲ. ಬ್ರೈನ್ ಡೆತ್ ಅಂದರೆ ಸಾವೇ. ಹೃದಯ ಇನ್ನೂ ಬಡಿಯುತ್ತಿರುವುದು ಮೆಷಿನಿನ ಬಲದಲ್ಲಿ. ಸತ್ತವರ ಅಂಗದಾನ ಹೆಚ್ಚಾಗಿ ನಡೆಯುವುದು ಅಲ್ಲೇ, 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ. ಕೋಮಾದಲ್ಲಿರುವವರನ್ನೂ ಬ್ರೈನ್ ಡೆತ್ ಆದವರನ್ನೂ ಒಂದೇ ಅಂತ ತಿಳಿದು ಮಾತಾಡುವುದು ನಮ್ಮಲ್ಲಿ ತುಂಬ ಜಾಸ್ತಿ.

ಹಳದೀಪುರದ ಹುಡುಗಿ

ಈ ಕಾನೂನು ಹುಟ್ಟಿದ್ದು ನಮ್ಮ ಕರಾವಳಿಯ ಒಬ್ಬ ಹೆಣ್ಣುಮಗಳ ಹಾಸಿಗೆಯ ಪಕ್ಕದಲ್ಲಿ. ಹೊನ್ನಾವರ ದಾಟಿ ಕುಮಟಾ ಕಡೆ ಹೋಗುವಾಗ ಸಿಗುವ ಹಳದೀಪುರದ ಅರುಣಾ ಶಾನಭಾಗ್ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ಒಬ್ಬ ಸಫಾಯಿ ಕೆಲಸಗಾರ ನಾಯಿಯ ಸರಪಳಿಯಿಂದ ಕತ್ತು ಬಿಗಿದು ಅವರ ಮೇಲೆ ದೌರ್ಜನ್ಯ ಎಸಗಿದ. ಮೆದುಳಿಗೆ ಆಮ್ಲಜನಕ ಹೋಗದೆ ಅವರು ಮತ್ತೆ ಎಚ್ಚರಗೊಳ್ಳಲೇ ಇಲ್ಲ. ಸತ್ತೂ ಹೋಗಲಿಲ್ಲ. ಅದೇ ಆಸ್ಪತ್ರೆಯ ಒಂದು ಕೋಣೆಯಲ್ಲಿ ಸುಮಾರು 42 ವರ್ಷ ಬದುಕಿದ್ದರು.

ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ, ಬಿಡುಗಡೆ ಕೊಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ತೀರ್ಪು ಬಂತು. ಇದರಲ್ಲೊಂದು ವಿಚಿತ್ರ ಇದೆ. ನಿಷ್ಕ್ರಿಯ ದಯಾಮರಣಕ್ಕೆ ದೇಶದಲ್ಲಿ ಬಾಗಿಲು ತೆರೆದ ಆ ತೀರ್ಪು ಅರುಣಾ ಅವರಿಗೆ ಮಾತ್ರ ಅದನ್ನು ಕೊಡಲಿಲ್ಲ. ಕಾರಣ ಇಷ್ಟು: ರೋಗಿಯ ಪರವಾಗಿ ಮಾತಾಡುವ ಹಕ್ಕು ಯಾರಿಗೆ? ಅವರ ಬಗ್ಗೆ ಬರೆದ, ಅವರಿಗಾಗಿ ಮರುಗಿದ ವಿರಾನಿ ಅವರಿಗಲ್ಲ ಎಂದಿತು ಕೋರ್ಟ್. ದಿನಾ ಮೈ ತೊಳೆಸಿ, ಮಗ್ಗುಲು ಬದಲಿಸಿ, ಊಟ ಹಾಕಿದ ಕೆಇಎಂ ನರ್ಸುಗಳೇ ಅವರ ಹತ್ತಿರದವರು. ಒಂದು ತಲೆಮಾರಿನವರು ನಿವೃತ್ತರಾದ ಮೇಲೆ ಮುಂದಿನವರು ನೋಡಿಕೊಂಡಿದ್ದರು. ಆ ನರ್ಸುಗಳು ‘ನಾವು ನೋಡ್ಕೊಳ್ತೇವೆ, ಬದುಕಿರಲಿ’ ಅಂದರು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಎಷ್ಟೋ ವರ್ಷ ಮಂಚದಲ್ಲೇ ಇದ್ದವರ ಬೆನ್ನಲ್ಲಿ ಹುಣ್ಣಾಗದ ಹಾಗೆ ನೋಡಿಕೊಳ್ಳುವುದು ಅಂದರೆ ಏನು ಅಂತ ಮನೆಯಲ್ಲಿ ಮಲಗಿದವರನ್ನು ನೋಡಿಕೊಂಡವರಿಗೆ ಗೊತ್ತು.

2011ರ ತೀರ್ಪಿನ ಪ್ರಕಾರ ಪ್ರತಿಯೊಂದಕ್ಕೂ ಹೈಕೋರ್ಟಿನ ಅನುಮತಿ ಬೇಕಿತ್ತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಇನ್ನೊಂದು ಹೆಜ್ಜೆ ಇಟ್ಟಿತು. ಘನತೆಯಿಂದ ಬದುಕುವ ಹಕ್ಕಿನಲ್ಲೇ ಘನತೆಯಿಂದ ಸಾಯುವ ಹಕ್ಕೂ ಇದೆ, ಮೊದಲೇ ಬರೆದಿಟ್ಟ ಇಚ್ಛಾಪತ್ರಕ್ಕೆ, ಅಂದರೆ ಲಿವಿಂಗ್ ವಿಲ್‌ಗೆ ಬೆಲೆ ಇದೆ ಎಂದಿತು. ಆದರೆ ದಾರಿ ಎಷ್ಟು ಸುತ್ತುಬಳಸಿತ್ತು ಅಂದರೆ, ಮ್ಯಾಜಿಸ್ಟ್ರೇಟರೇ ಆಸ್ಪತ್ರೆಗೆ ಬಂದು ನೋಡಬೇಕಿತ್ತು. ಐಸಿಯುವಿನಲ್ಲಿ ಇರುವವರು ಕಾಯುತ್ತಾರಾ? 2023ರ ಜನವರಿ 24ರಂದು ಕೋರ್ಟ್ ಅದನ್ನು ಸಡಿಲ ಮಾಡಿತು. ನಮ್ಮ ರಾಜ್ಯದ ಸುತ್ತೋಲೆ ಬಂದದ್ದು ಅದರ ಮೇಲೆ.

ಸಾಯಬೇಕೆಂದು ಬಯಸುವುದೇ ದೋಷ

ಈಗ ಧರ್ಮದ ಮಾತು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಈ ಚರ್ಚೆ ಮಾಡಲು ದೂರ ಹೋಗಬೇಕಾಗಿಲ್ಲ. ಮೂಡುಬಿದಿರೆ, ಕಾರ್ಕಳ, ವೇಣೂರಿನ ಜೈನರು, ಅಷ್ಟಮಠಗಳ ಉಡುಪಿ, ಮಂಗಳೂರಿನ ಕ್ಯಾಥೋಲಿಕರು, ಬ್ಯಾರಿ ಮುಸ್ಲಿಮರು, ಎಲ್ಲರೂ ಒಂದೇ ಆಸ್ಪತ್ರೆಯ ಒಂದೇ ಬೆಂಚಿನ ಮೇಲೆ ಕೂತು ಕಾಯುವವರು.

ಜೈನರಿಂದ ಶುರು ಮಾಡೋಣ. ದಯಾಮರಣದ ಮಾತು ಬಂದ ಕೂಡಲೇ ‘ಸಲ್ಲೇಖನ ಇಲ್ವಾ ನಮ್ಮಲ್ಲಿ?’ ಅನ್ನುವವರು ಇದ್ದೇ ಇರುತ್ತಾರೆ. ಸಲ್ಲೇಖನ ಅಂದರೆ ವ್ರತವಾಗಿ ಆಹಾರ ಬಿಡುತ್ತಾ ಬಂದು ದೇಹ ಬಿಡುವುದು. ಇದೆ. ಗಂಗರ ಅರಸ ಮಾರಸಿಂಹ ಬಂಕಾಪುರದಲ್ಲಿ, ರಾಷ್ಟ್ರಕೂಟರ ಕೊನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಹೀಗೆಯೇ ದೇಹ ಬಿಟ್ಟರು. ಹೀಗೆ ದೇಹ ಬಿಟ್ಟವರ ನೆನಪಿಗೆ ನೆಟ್ಟ ನಿಸಿದಿಗಲ್ಲುಗಳು ಅದಕ್ಕೆ ಸಾಕ್ಷಿ. ಆದರೆ ಇದನ್ನು ದಯಾಮರಣದ ಜೊತೆ ಕಟ್ಟಿಹಾಕುವವರು ಅದರ ನಿಯಮ ಓದಿರುವುದಿಲ್ಲ.

ಸಮಂತಭದ್ರ ಆಚಾರ್ಯರು ಕೊಟ್ಟ ವ್ಯಾಖ್ಯೆ ಇಂದಿಗೂ ಆಧಾರ. ತಪ್ಪಿಸಿಕೊಳ್ಳಲಾಗದ ವಿಪತ್ತು, ಬರಗಾಲ, ಮುಪ್ಪು, ಮದ್ದಿಲ್ಲದ ರೋಗ, ಇವು ಬಂದಾಗ ಮಾತ್ರ ಧರ್ಮಕ್ಕಾಗಿ ದೇಹ ಬಿಡುವುದು ಸಲ್ಲೇಖನ. ಮದ್ದಿದ್ದರೆ ಇಲ್ಲ. ಬೇಸರಕ್ಕೆ, ಸಿಟ್ಟಿಗೆ, ಸಾಲಕ್ಕೆ ಅಂತೂ ಇಲ್ಲವೇ ಇಲ್ಲ. ಗುರುವಿನ ಅಪ್ಪಣೆ ಬೇಕು. ಆಹಾರವನ್ನು ಒಮ್ಮೆಗೇ ಬಿಡುವುದಲ್ಲ, ಹಂತ ಹಂತವಾಗಿ ಬಿಡುವುದು. ವ್ರತ ಕೆಡಿಸುವ ಐದು ದೋಷಗಳನ್ನು ತತ್ವಾರ್ಥಸೂತ್ರ ಹೇಳುತ್ತದೆ. ಇನ್ನೂ ಬದುಕಬೇಕೆಂಬ ಆಸೆ ಒಂದು. ಬೇಗ ಸಾಯಬೇಕೆಂಬ ಆಸೆಯೂ ಒಂದು! ನೋವು ತಾಳಲಾರೆ, ಮುಗಿಸಿಬಿಡಿ ಎಂದು ಕೇಳುವವರಿಗೆ ಸಲ್ಲೇಖನ ಸಲ್ಲುವುದಿಲ್ಲ. ಉಳಿದ ಮೂರು ದೋಷಗಳೂ ಹಂಬಲಗಳೇ: ಗೆಳೆಯರ ನೆನಪು, ಸುಖದ ನೆನಪು, ಮುಂದಿನ ಜನ್ಮದಲ್ಲಿ ಇಂಥದ್ದು ಸಿಗಲಿ ಎಂಬ ಬೇಡಿಕೆ.

ಸಮಂತಭದ್ರರ ಬಗ್ಗೆಯೇ ಒಂದು ಕಥೆ ಇದೆ. ಅವರಿಗೆ ಭಸ್ಮಕ ಅನ್ನುವ ರೋಗ ಬಂತು. ಎಷ್ಟು ತಿಂದರೂ ಹಸಿವು ಆರದ ರೋಗ. ಹಸಿವು ತಾಳಿಕೊಂಡು ವ್ರತ ನಡೆಸಬೇಕಾದ ಮುನಿಗೆ ಇದಕ್ಕಿಂತ ದೊಡ್ಡ ಕಷ್ಟ ಉಂಟಾ? ಗುರುಗಳ ಹತ್ತಿರ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಕೇಳಿದರು. ಗುರು ಕೊಡಲಿಲ್ಲ. ನಿನ್ನಿಂದ ಇನ್ನೂ ಆಗಬೇಕಾದ ಕೆಲಸ ಇದೆ, ಮುನಿವೇಷ ಬಿಟ್ಟು ಮೊದಲು ರೋಗ ವಾಸಿ ಮಾಡಿಕೋ ಎಂದು ಕಳಿಸಿದರು. ಅವರು ವಾಸಿಯಾಗಿ ಮತ್ತೆ ದೀಕ್ಷೆ ತೆಗೆದುಕೊಂಡರಂತೆ. ಸಲ್ಲೇಖನಕ್ಕೆ ವ್ಯಾಖ್ಯೆ ಬರೆದವರಿಗೇ ಸಲ್ಲೇಖನ ಸಿಗಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಇದಕ್ಕಿಂತ ಒಳ್ಳೆಯ ಕಥೆ ಇಲ್ಲ. ಕೇಳಿದವರಿಗೆಲ್ಲ ಕೊಡುವುದಲ್ಲ, ಕೇಳಿದವರನ್ನು ಮೊದಲು ಸರಿಯಾಗಿ ನೋಡಬೇಕು ಅನ್ನೋದು ಅಷ್ಟು ಹಿಂದೆಯೇ ಗೊತ್ತಿತ್ತು.

ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಈ ವ್ರತವನ್ನು ಆತ್ಮಹತ್ಯೆ ಎಂದು ಕರೆಯಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ವಿರೋಧಿಸುವವರ ಪ್ರಶ್ನೆಯನ್ನೂ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ವ್ರತ ಹಿಡಿದ ಮುದುಕಿಗೆ ನಡುವೆ ಮನಸ್ಸು ಬದಲಾದರೆ, ಊರೆಲ್ಲ ಬಂದು ಕಾಲಿಗೆ ಬಿದ್ದು ಹೋದ ಮೇಲೆ, ‘ಒಂದು ತುತ್ತು ಕೊಡಿ’ ಎಂದು ಕೇಳುವ ಧೈರ್ಯ ಅವಳಿಗೆ ಇರುತ್ತದಾ?

ಪೋಪ್ ಹೇಳಿದ್ದು ಏನು

ಕ್ಯಾಥೋಲಿಕ್ ಸಭೆ ದಯಾಮರಣವನ್ನು ಕಡಾಖಂಡಿತವಾಗಿ ವಿರೋಧಿಸುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಅದು ನಿಜವೂ ಹೌದು. ಜೀವ ದೇವರದ್ದು, ತೆಗೆಯುವ ಅಧಿಕಾರ ನಮಗಿಲ್ಲ. ಆದರೆ ‘ಅದಕ್ಕೇ ಕೊನೆಯ ಉಸಿರಿನ ತನಕ ಎಲ್ಲ ಮೆಷಿನ್ ಹಾಕಲೇಬೇಕು’ ಎಂದು ಅದರಿಂದ ಅರ್ಥ ಮಾಡಿಕೊಂಡವರನ್ನು ಮಂಗಳೂರಿನಲ್ಲಿ ಬೇಕಾದಷ್ಟು ಜನ ನೋಡಿದ್ದೇನೆ. ಸಭೆ ಹಾಗೆ ಹೇಳಿಯೇ ಇಲ್ಲ.

1957ರಲ್ಲಿ, ವೆಂಟಿಲೇಟರುಗಳು ಹೊಸದಾಗಿ ಬರುತ್ತಿದ್ದ ಕಾಲದಲ್ಲಿ, ಅರಿವಳಿಕೆ ವೈದ್ಯರು ಪೋಪ್ 12ನೇ ಪಯಸ್ ಅವರನ್ನು ಇದೇ ಪ್ರಶ್ನೆ ಕೇಳಿದ್ದರು. ಜೀವ ಉಳಿಸಲು ಸಾಮಾನ್ಯ ಉಪಾಯಗಳನ್ನು ಮಾಡಬೇಕು, ಅಸಾಮಾನ್ಯವಾದವು ಕಡ್ಡಾಯವಲ್ಲ ಎಂದರು ಅವರು. ಯಾವುದು ಸಾಮಾನ್ಯ? ಆ ವ್ಯಕ್ತಿಗೆ, ಆ ಊರಿಗೆ, ಆ ಕಾಲಕ್ಕೆ ತಕ್ಕ ಹಾಗೆ, ತನಗಾಗಲಿ ಇತರರಿಗಾಗಲಿ ವಿಪರೀತ ಭಾರ ಆಗದೇ ಇರುವುದು. ನೋವು ಕಡಿಮೆ ಮಾಡುವ ಮದ್ದಿನಿಂದ ಆಯುಸ್ಸು ಸ್ವಲ್ಪ ಕಡಿಮೆ ಆಗುವ ಹಾಗಿದ್ದರೂ ಕೊಡಬಹುದು, ಉದ್ದೇಶ ನೋವು ತೆಗೆಯುವುದು ತಾನೇ ಎಂದೂ ಅದೇ ವರ್ಷ ಹೇಳಿದರು. 1980ರಲ್ಲಿ ವ್ಯಾಟಿಕನ್ ಹೊರಡಿಸಿದ ಘೋಷಣೆ ಇನ್ನೂ ಬಿಡಿಸಿ ಹೇಳಿತು. ಚಿಕಿತ್ಸೆ ಬೇಡ ಅನ್ನಲು ಮನೆಯವರ ಮೇಲೆ ವಿಪರೀತ ಖರ್ಚು ಹಾಕಬಾರದೆಂಬ ಇಚ್ಛೆಯೂ ಒಂದು ಕಾರಣ ಆಗಬಹುದು, ಅದು ಆತ್ಮಹತ್ಯೆಗೆ ಸಮ ಅಲ್ಲ. ಖರ್ಚಿನ ಮಾತನ್ನು ಇಷ್ಟು ನೇರವಾಗಿ ಬರೆದ ಧರ್ಮಗ್ರಂಥ ನಾನು ಬೇರೆ ನೋಡಿಲ್ಲ.

2005ರಲ್ಲಿ ಪೋಪ್ 2ನೇ ಜಾನ್ ಪಾಲ್ ಕೊನೆಯ ದಿನಗಳಲ್ಲಿ ಮತ್ತೆ ಆಸ್ಪತ್ರೆಗೆ ಹೋಗದೆ ತಮ್ಮ ಕೋಣೆಯಲ್ಲೇ ಉಳಿದರು. ಅವರಿಗೆ ಮೂಗಿನಿಂದ ಆಹಾರದ ನಳಿಕೆ ಹಾಕಿದ್ದರು. ಅದಕ್ಕೂ ಒಂದು ಹಿನ್ನೆಲೆ ಇದೆ, ಮುಂದೆ ಬರುತ್ತೇನೆ.

ಕರ್ಮ, ತುಳಸಿನೀರು, ಝಮ್‌ಝಮ್

ಹಿಂದೂಗಳಲ್ಲಿ ಒಂದೇ ಮಾತು ಹೇಳುವ ಪೀಠ ಇಲ್ಲ. ವಿರೋಧಿಸುವವರು ಈಶಾವಾಸ್ಯ ಉಪನಿಷತ್ತಿನ ಮೂರನೆಯ ಮಂತ್ರ ಹೇಳುತ್ತಾರೆ: ಆತ್ಮವನ್ನು ಕೊಂದವರು ಕತ್ತಲ ಲೋಕಕ್ಕೆ ಹೋಗುತ್ತಾರೆ. ಆದರೆ ಅಲ್ಲಿ ಹೇಳಿರುವುದು ಆತ್ಮವನ್ನು ಅರಿಯದವರ ಬಗ್ಗೆ ಎಂದು ಶಂಕರರ ಭಾಷ್ಯ. ಒಪ್ಪುವವರು ಪ್ರಾಯೋಪವೇಶವನ್ನು, ಅಂದರೆ ಅನ್ನ ಬಿಟ್ಟು ಸಾವಿಗೆ ಕಾದು ಕೂರುವುದನ್ನು, ಭೀಷ್ಮನನ್ನು ಎತ್ತುತ್ತಾರೆ. ವಿನೋಬಾ ಭಾವೆ 1982ರಲ್ಲಿ ಪವನಾರ್ ಆಶ್ರಮದಲ್ಲಿ ಅನ್ನ, ಔಷಧ ಬಿಟ್ಟು ನವೆಂಬರ್ 15ರಂದು ತೀರಿಕೊಂಡದ್ದನ್ನು ಆತ್ಮಹತ್ಯೆ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಮನೆಗಳಲ್ಲಿ ಜಾಸ್ತಿ ಕೇಳುವುದು ಕರ್ಮದ ವಾದ. ಪ್ರಾರಬ್ಧ ಅನುಭವಿಸಿಯೇ ತೀರಬೇಕು, ನಡುವೆ ತುಂಡು ಮಾಡಿದರೆ ಮುಂದಿನ ಜನ್ಮಕ್ಕೆ ಬಾಕಿ. ಈ ವಾದ ನನಗೆ ಯಾವತ್ತೂ ಗಟ್ಟಿ ಅನ್ನಿಸಿಲ್ಲ. ಪ್ರಾರಬ್ಧ ಎಂದು ಆಂಜಿಯೋಪ್ಲಾಸ್ಟಿ ಬೇಡ ಅಂದವರನ್ನು ನಾನು ಕಂಡಿಲ್ಲ. ಸ್ಟೆಂಟ್ ಹಾಕುವಾಗ ಅಡ್ಡ ಬರದ ಕರ್ಮ ವೆಂಟಿಲೇಟರ್ ತೆಗೆಯುವಾಗ ಮಾತ್ರ ಯಾಕೆ ಬರಬೇಕು?

ಶಾಸ್ತ್ರಕ್ಕಿಂತ ಆಚಾರ ಇಲ್ಲಿ ಸ್ಪಷ್ಟ. ನಮ್ಮ ಕಡೆ ಹಿರಿಯರ ಜೀವ ಹೋಗುವ ಹಾಗಿದ್ದರೆ ಮನೆಗೆ ತರಬೇಕು, ಬಾಯಿಗೆ ತುಳಸಿನೀರು ಬಿಡಬೇಕು, ಮಕ್ಕಳು ಹತ್ತಿರ ಇರಬೇಕು. ಬಾಯಿಯ ತುಂಬ ವೆಂಟಿಲೇಟರಿನ ಪೈಪ್ ಇದ್ದರೆ ನೀರು ಬಿಡುವುದೆಲ್ಲಿ? ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ 2019ರ ಡಿಸೆಂಬರಿನಲ್ಲಿ ಮಣಿಪಾಲದ ಕೆಎಂಸಿಯಲ್ಲಿ ವೆಂಟಿಲೇಟರಿನಲ್ಲಿದ್ದರು. ಸ್ಥಿತಿ ಕೈಮೀರಿದಾಗ, ಮಠದಲ್ಲೇ ಕೊನೆಯುಸಿರು ಎಳೆಯಬೇಕೆಂಬ ಅವರ ಆಸೆಯಂತೆ ಡಿಸೆಂಬರ್ 29ರ ಬೆಳಿಗ್ಗೆ ಉಪಕರಣಗಳ ಸಮೇತ ಉಡುಪಿಯ ಮಠಕ್ಕೆ ಕರೆತಂದರು. ಅಲ್ಲೇ ಕೃಷ್ಣೈಕ್ಯರಾದರು. ಇದು ದಯಾಮರಣ ಅಲ್ಲ, ಹಾಗೆಂದು ಯಾರೂ ಹೇಳಲೂ ಇಲ್ಲ. ಆದರೆ ಎಲ್ಲಿ, ಯಾರ ನಡುವೆ ಸಾಯಬೇಕು ಅನ್ನೋದನ್ನು ಹೇಳುವ ಹಕ್ಕು ರೋಗಿಗೆ ಇದೆ ಎಂದು ಉಡುಪಿ ಅವತ್ತು ಚರ್ಚೆಯೇ ಇಲ್ಲದೆ ಒಪ್ಪಿಕೊಂಡಿತ್ತು.

ಇಸ್ಲಾಂನಲ್ಲಿ ಜೀವ ಅಲ್ಲಾಹನ ಅಮಾನತ್ತು, ಅಂದರೆ ಅವನು ನಂಬಿ ನಮ್ಮ ಕೈಗೆ ಕೊಟ್ಟ ಸೊತ್ತು. ಗಾಯದ ನೋವು ತಾಳದೆ ಕೈ ಕೊಯ್ದುಕೊಂಡು ಸತ್ತವನ ಹದೀಸನ್ನು, ಅಂದರೆ ಪ್ರವಾದಿಯವರ ನುಡಿಯನ್ನು, ಉಸ್ತಾದರು ಹೇಳುತ್ತಾರೆ: ನನ್ನ ದಾಸ ಅವಸರ ಮಾಡಿದ ಎಂದು ದೇವರು ಅವನಿಗೆ ಸ್ವರ್ಗ ನಿರಾಕರಿಸಿದ. ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಹೇಳಿದ ಹಾಗೆ. ಅಪಸ್ಮಾರ ಇದ್ದ ಒಬ್ಬ ಹೆಂಗಸು ಪ್ರವಾದಿಯವರ ಹತ್ತಿರ ಬಂದ ಹದೀಸೂ ಇದೆ. ಬೇಕಾದರೆ ಗುಣವಾಗಲೆಂದು ಪ್ರಾರ್ಥಿಸುತ್ತೇನೆ, ಇಲ್ಲ ತಾಳಿಕೊಂಡರೆ ಸ್ವರ್ಗ ಇದೆ ಅಂದರು. ಅವಳು ತಾಳ್ಮೆಯನ್ನೇ ಆರಿಸಿಕೊಂಡಳು. ಚಿಕಿತ್ಸೆ ಬಿಡುವ ಆಯ್ಕೆ ಇದೆ ಅನ್ನುವ ವಿದ್ವಾಂಸರು ಇದನ್ನೇ ತೋರಿಸುತ್ತಾರೆ. ನಮ್ಮ ಬ್ಯಾರಿಗಳು ಹೆಚ್ಚಾಗಿ ಶಾಫಿ ಪಂಥದವರು. ಚಿಕಿತ್ಸೆ ಪಡೆಯುವುದು ಒಳ್ಳೆಯದು ಎಂದು ಆ ಪಂಥ ಹೇಳುತ್ತದೆ, ಸಾಮಾನ್ಯವಾಗಿ ಅದನ್ನು ಕಡ್ಡಾಯ ಮಾಡಿಲ್ಲ. ಮೆದುಳು ಪೂರ್ತಿ ಸತ್ತಿದೆ, ಇನ್ನು ಮರಳುವುದಿಲ್ಲ ಎಂದು ವೈದ್ಯರು ಖಚಿತಪಡಿಸಿದ ಮೇಲೆ ಉಪಕರಣ ತೆಗೆಯಬಹುದು ಎಂದು ಇಸ್ಲಾಮಿ ಧರ್ಮಶಾಸ್ತ್ರದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1986ರಲ್ಲೇ ಅಮ್ಮಾನಿನಲ್ಲಿ ಹೇಳಿದೆ. ನಂಬಿಕೆಯ ವಚನವಾದ ಕಲಿಮ ಹೇಳಿಕೊಡುತ್ತಾ ಬಾಯಿಗೆ ಮಕ್ಕಾದ ಝಮ್‌ಝಮ್ ನೀರು ಹನಿಸುವುದು ಬ್ಯಾರಿ ಮನೆಯ ಆಸೆ. ಪೈಪ್ ಅಲ್ಲೂ ಅಡ್ಡವೇ.

ಕೊಲ್ಲಬಾರದು ಅನ್ನುವುದರಲ್ಲಿ ನಾಲ್ಕೂ ಕಡೆ ಒಂದೇ ಮಾತು. ಸಾವನ್ನು ಎಳೆದು ಹಿಡಿಯಲೇಬೇಕು ಎಂದು ಒಂದು ಕಡೆಯೂ ಇಲ್ಲ. ಐಸಿಯು ಬಾಗಿಲಲ್ಲಿ ‘ನಮ್ಮ ಧರ್ಮ ಒಪ್ಪಲ್ಲ’ ಅಂದವರು ಹೆಚ್ಚಾಗಿ ಧರ್ಮದ ಹೆಸರಲ್ಲಿ ತಮ್ಮ ಹೆದರಿಕೆ ಹೇಳುತ್ತಿರುತ್ತಾರೆ. ಹೆದರಿಕೆ ತಪ್ಪಲ್ಲ. ಆದರೆ ಅದನ್ನು ಧರ್ಮ ಅಂದುಬಿಟ್ಟರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಮೂಗಿನ ನಳಿಕೆ

ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ರೈಲ್ಸ್ ಟ್ಯೂಬ್ ಅಂತ ಡಾಕ್ಟರು ಹೇಳುವುದನ್ನು ನಮ್ಮ ಕಡೆ ‘ಮೂಗಿನಲ್ಲಿ ಪೈಪ್ ಹಾಕಿದ್ದಾರೆ’ ಅಂತಾರೆ. ಮೂಗಿನಿಂದ ಹೊಟ್ಟೆಯ ತನಕ ಹೋಗುವ ತೆಳ್ಳನೆಯ ನಳಿಕೆ. ಕುಚ್ಚಲಕ್ಕಿ ಗಂಜಿಯನ್ನು ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ಸೂಜಿ ಇಲ್ಲದ ದೊಡ್ಡ ಸಿರಿಂಜಿನಲ್ಲಿ ನಿಧಾನಕ್ಕೆ ಬಿಡಬೇಕು. ತಲೆ ಎತ್ತರಿಸಿ ಕೂರಿಸಬೇಕು, ಕೊನೆಗೆ ಸ್ವಲ್ಪ ನೀರು ಬಿಟ್ಟು ನಳಿಕೆ ತೊಳೆಯಬೇಕು. ಎರಡು ಗಂಟೆಗೊಮ್ಮೆ ಇಷ್ಟು. ಮಾಡುವವರು ಸೊಸೆಯೋ ಮಗಳೋ ಹೋಂ ನರ್ಸೋ.

ಇದು ಚಿಕಿತ್ಸೆಯೋ, ಅನ್ನವೋ? ಚಿಕಿತ್ಸೆ ಆದರೆ ನಿಲ್ಲಿಸಬಹುದು. ಅನ್ನ ಆದರೆ ನಿಲ್ಲಿಸುವುದು ಹಸಿವಿನಿಂದ ಸಾಯಿಸಿದ ಹಾಗೆ. ಬಹಳಷ್ಟು ವೈದ್ಯರು ಇದನ್ನು ಚಿಕಿತ್ಸೆ ಅನ್ನುತ್ತಾರೆ. ಪೋಪ್ ಜಾನ್ ಪಾಲ್ 2004ರ ಒಂದು ಭಾಷಣದಲ್ಲಿ ಇದು ಸಾಮಾನ್ಯ ಆರೈಕೆ, ತತ್ವಶಃ ಕೊಡಲೇಬೇಕು ಎಂದರು. ಮರುವರ್ಷ ಅವರಿಗೇ ನಳಿಕೆ ಬಂತು. ಮುಸ್ಲಿಂ ವಿದ್ವಾಂಸರಲ್ಲೂ ಆಹಾರ, ನೀರು ನಿಲ್ಲಿಸಬಾರದು ಅನ್ನುವವರು ಹೆಚ್ಚು. ನಮ್ಮ ಮನೆಗಳಲ್ಲಿ ಇದಕ್ಕೆ ಯಾರ ಭಾಷಣವೂ ಬೇಡ. ‘ಉಪವಾಸ ಹಾಕಿ ಕೊಂದೆವು’ ಅನ್ನುವ ಮಾತು ಒಬ್ಬ ಮಗ ಸಾಯುವ ತನಕ ಹೊತ್ತುಕೊಂಡಿರಬಲ್ಲ.

ಒಂದು ವಿಷಯ ಮಾತ್ರ ತಿಳಿದಿರಬೇಕು. ಕೊನೆಯ ಕೆಲವು ದಿನಗಳಲ್ಲಿ ದೇಹವೇ ಆಹಾರ ಬೇಡ ಅನ್ನುತ್ತದೆ. ಹಸಿವು ಹೋಗುತ್ತದೆ. ಆಗ ಬಲವಂತಕ್ಕೆ ಬಿಟ್ಟ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು, ಕೈಕಾಲು ಊದಿಕೊಳ್ಳಬಹುದು, ಉಸಿರಾಟ ಕಷ್ಟ ಆಗಬಹುದು. ಅವರು ತಿನ್ನುವುದು ನಿಲ್ಲಿಸಿದ್ದರಿಂದ ಸಾಯುತ್ತಿಲ್ಲ, ಸಾಯುತ್ತಿರುವುದರಿಂದ ತಿನ್ನುವುದು ನಿಂತಿದೆ. ತುಟಿಗೆ ಒದ್ದೆ ಬಟ್ಟೆ ಒತ್ತಿದರೆ ಸಾಕಾಗುತ್ತದೆ. ಅರುಣಾ ಅವರ ಹಾಗೆ ವರ್ಷಗಟ್ಟಲೆ ಮಲಗಿದವರ ವಿಷಯ ಬೇರೆ. ಅವರಿಗೆ ಸಾವು ಹತ್ತಿರ ಬಂದಿರುವುದಿಲ್ಲ. ನಳಿಕೆಯೇ ಅವರ ಜೀವ. ಅಲ್ಲಿ ಏನು ಸರಿ ಎಂದು ಒಂದೇ ಮಾತಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ.

ಸಹಿ ಹಾಕುವವರು ಯಾರು

ಪುಸ್ತಕದ ಚರ್ಚೆ ಹೀಗಾದರೆ, ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಯುವುದೇ ಬೇರೆ. ಬಿಲ್ಲು ಏರುತ್ತಿರುತ್ತದೆ. ದುಬೈಯಲ್ಲಿರುವ ಮಗನಿಗೆ ಫೋನ್ ಹೋಗುತ್ತದೆ. ‘ನಾನು ಬರುವ ತನಕ ಏನೂ ತೆಗೀಬೇಡಿ’ ಅನ್ನುತ್ತಾನೆ ಅವನು. ಟಿಕೆಟ್ ಸಿಕ್ಕಿ, ಬಜಪೆಯಲ್ಲಿ ಇಳಿದು ಬರುವ ತನಕ ಅಪ್ಪನ ಉಸಿರು ಮೆಷಿನಿನಲ್ಲಿ ನಡೆಯಬೇಕು. ಊರಲ್ಲೇ ಇದ್ದು ಎರಡು ವರ್ಷ ಡಯಾಪರ್ ಬದಲಿಸಿದ ಮಗಳನ್ನು ಯಾರೂ ಕೇಳುವುದಿಲ್ಲ. ಅರುಣಾ ತೀರ್ಪಿನಲ್ಲಿ ಕೋರ್ಟ್ ನರ್ಸುಗಳನ್ನು ಕೇಳಿತ್ತು. ನಮ್ಮ ಮನೆಗಳು ಇನ್ನೂ ಅಲ್ಲಿಗೆ ಬಂದಿಲ್ಲ.

ದುಡ್ಡು ಮುಗಿದಾಗ ಆಗುವುದು ಇನ್ನೂ ಕೆಟ್ಟದ್ದು. ವೈದ್ಯರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗುತ್ತಿದ್ದೇವೆ ಎಂದು ಮನೆಯವರಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಆಂಬುಲೆನ್ಸಿನಲ್ಲಿ ಒಬ್ಬರು ಕೈಯಿಂದ ಚೀಲ ಒತ್ತುತ್ತಾ ಉಸಿರು ಕೊಡುತ್ತಾರೆ. ದಾರಿಯಲ್ಲೋ ಮನೆಯ ಚಾವಡಿಯಲ್ಲೋ ಅದನ್ನು ತೆಗೆಯುತ್ತಾರೆ. ನೋವಿಗೆ ಮದ್ದಿಲ್ಲ, ಉಬ್ಬಸಕ್ಕೆ ಮದ್ದಿಲ್ಲ, ಪಕ್ಕದಲ್ಲಿ ಡಾಕ್ಟರಿಲ್ಲ. ಇದೂ ನಿಷ್ಕ್ರಿಯ ದಯಾಮರಣವೇ, ದಯೆ ಒಂದನ್ನು ಬಿಟ್ಟು. ಯಾವ ವೈದ್ಯರ ಮಂಡಳಿಯೂ ಇದನ್ನು ನೋಡುವುದಿಲ್ಲ, ಯಾವ ಧರ್ಮದವರೂ ಇದಕ್ಕೆ ಪ್ರತಿಭಟನೆ ಮಾಡುವುದಿಲ್ಲ. ಕಾನೂನಿಗೆ ಹೆದರುವ ಆಸ್ಪತ್ರೆ ಕಾಗದದಲ್ಲಿ ಕೈತೊಳೆದುಕೊಳ್ಳುತ್ತದೆ. ನನ್ನ ಪ್ರಕಾರ ನಮ್ಮೂರಲ್ಲಿ ಚರ್ಚೆ ಆಗಬೇಕಾದದ್ದು ಇದರ ಬಗ್ಗೆ.

ಇದರ ಇನ್ನೊಂದು ಮುಖ ಅಂಗವಿಕಲರ ಸಂಘಟನೆಗಳು ಹಲವು ದೇಶಗಳಲ್ಲಿ ಎತ್ತುವ ಆಕ್ಷೇಪ. ಸಾಯುವ ಹಕ್ಕು ಸುಲಭ ಆದರೆ, ಬೇರೆಯವರನ್ನು ಅವಲಂಬಿಸಿ ಬದುಕುವವರಿಗೆ ಅದು ಸಾಯುವ ಒತ್ತಡ ಆಗುತ್ತದೆ ಅನ್ನುತ್ತಾರೆ ಅವರು. ನಮ್ಮ ಮನೆಯ ಅಜ್ಜ ಅಜ್ಜಿಯಂದಿರು ‘ದೇವರು ಒಮ್ಮೆ ಬೇಗ ಕರ್ಕೊಂಡು ಹೋಗ್ಲಿ, ನಿಮಗೆ ಭಾರ ಆಗಿ ಇರುವುದಕ್ಕಿಂತ’ ಎಂದು ದಿನಕ್ಕೊಮ್ಮೆ ಹೇಳುತ್ತಾರೆ. ಅದು ಒಪ್ಪಿಗೆ ಅಲ್ಲ. ಮೊಮ್ಮಗು ಬಂದು ಪಕ್ಕದಲ್ಲಿ ಕೂತ ದಿನ ಆ ಮಾತು ಬರುವುದೂ ಇಲ್ಲ, ಅಲ್ವಾ?

ಸಾಯಿಸಿ ಎಂದು ಕೇಳುವವರಲ್ಲಿ ತುಂಬ ಜನ ನಿಜಕ್ಕೂ ಕೇಳುವುದು ನೋವು ನಿಲ್ಲಿಸಿ ಎಂದು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಬೆಲೆ ಜಾಸ್ತಿ ಏನಲ್ಲ. ಆದರೆ ಮಾದಕ ವಸ್ತು ಕಾನೂನಿನ ಭಯದಲ್ಲಿ ಹೆಚ್ಚಿನ ಆಸ್ಪತ್ರೆಗಳು ಅದನ್ನು ಇಡುತ್ತಲೇ ಇರಲಿಲ್ಲ. ಒಂದೇ ಔಷಧಕ್ಕೆ ಹಲವು ಲೈಸೆನ್ಸ್ ಬೇಕಿತ್ತು. 2014ರಲ್ಲಿ ಆ ಕಾನೂನಿಗೆ ತಿದ್ದುಪಡಿ ಬಂದು ಸುಲಭ ಆಯಿತು. ‘ಮಾರ್ಫಿನ್ ಕೊಟ್ಟರೆ ಮುಗೀತು’ ಅನ್ನುವ ನಂಬಿಕೆ ಮಾತ್ರ ಹೋಗಿಲ್ಲ. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾಯಿಸುವುದಿಲ್ಲ, ನಿದ್ದೆ ಮಾಡಲು ಬಿಡುತ್ತದೆ. ತಲಪಾಡಿ ದಾಟಿದರೆ ಕೇರಳ. ಅಲ್ಲಿ 2008ರಲ್ಲೇ ಪ್ಯಾಲಿಯೇಟಿವ್ ಕೇರ್‌ಗೆ, ಅಂದರೆ ನೋವು ಕಡಿಮೆ ಮಾಡುವ ಆರೈಕೆಗೆ, ಸರ್ಕಾರದ ನೀತಿ ಬಂದಿದೆ, ಪಂಚಾಯತಿಯ ನರ್ಸ್ ಮಲಗಿದವರ ಮನೆಗೇ ಬರುತ್ತಾರೆ. ನಮ್ಮಲ್ಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಂಥ ಕಡೆ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಬೆಳ್ತಂಗಡಿಯ ಒಳಗಿನ ಹಳ್ಳಿಯವರಿಗೆ, ಬೈಂದೂರಿನವರಿಗೆ ಮಣಿಪಾಲ ಹತ್ತಿರ ಅಲ್ಲ.

ಬರೆದಿಡುವುದು ಹೇಗೆ

18 ವರ್ಷ ದಾಟಿದ, ಬುದ್ಧಿ ಸ್ವಸ್ಥ ಇರುವ ಯಾರು ಬೇಕಾದರೂ ಲಿವಿಂಗ್ ವಿಲ್ ಬರೆಯಬಹುದು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಸ್ಪಷ್ಟವಾಗಿ ಬರೆಯಬೇಕು. ತನಗೆ ಮಾತಾಡಲು ಆಗದಿದ್ದಾಗ ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಹೆಸರು ಹಾಕಬೇಕು. ಒಬ್ಬರಿಗಿಂತ ಹೆಚ್ಚು ಹೆಸರು ಹಾಕಬಹುದು. ಮನೆಯಲ್ಲಿ ನೋಡಿಕೊಳ್ಳುವ ಮಗಳ ಹೆಸರನ್ನು ಮೊದಲು ಹಾಕಲು ಯಾರ ತಕರಾರೂ ಇಲ್ಲ. ಇಬ್ಬರು ಸಾಕ್ಷಿಗಳು ಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ದೃಢೀಕರಿಸಬೇಕು, ಮ್ಯಾಜಿಸ್ಟ್ರೇಟರ ಹತ್ತಿರ ಓಡಬೇಕಾಗಿಲ್ಲ. ಒಂದು ಪ್ರತಿ ಮನೆಯ ಡಾಕ್ಟರಿಗೆ, ಒಂದು ಸ್ಥಳೀಯ ಸಂಸ್ಥೆ ನೇಮಿಸಿದ ಅಧಿಕಾರಿಗೆ.

ಮೂಗಿನ ನಳಿಕೆಯ ಬಗ್ಗೆ ಬೇರೆಯಾಗಿಯೇ ಬರೆಯಿರಿ, ಬೇಕು ಅಂತಾದರೂ ಬೇಡ ಅಂತಾದರೂ. ಜಗಳ ಆಗುವುದು ಅದಕ್ಕೇ. ಮನೆಗೆ ತರಬೇಕಾ, ಪಾದ್ರಿಯನ್ನು ಕರೆಸಬೇಕಾ, ಬಾಯಿಗೆ ಯಾವ ನೀರು ಅನ್ನೋದನ್ನೂ ಬರೆಯಬಹುದು. ಅದಕ್ಕೆ ಕಾನೂನಿನ ಬಲ ಇಲ್ಲದಿದ್ದರೂ ಓದುವ ಮಕ್ಕಳಿಗೆ ಉಪಯೋಗ ಇದೆ.

ಪತ್ರ ಇದ್ದ ಮಾತ್ರಕ್ಕೆ ಡಾಕ್ಟರು ಮೆಷಿನ್ ಆಫ್ ಮಾಡುವುದಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಇಬ್ಬರು ತಜ್ಞರು ಇರುವ ಮೊದಲ ಮಂಡಳಿ ನೋಡುತ್ತದೆ. ಆಮೇಲೆ ಎರಡನೆಯ ಮಂಡಳಿ. ಅದರಲ್ಲಿ ಮೊದಲ ಮಂಡಳಿಯವರು ಇರುವ ಹಾಗಿಲ್ಲ, ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರು. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಗಳ ಒಳಗೆ ಹೇಳಬೇಕು. ನಿಲ್ಲಿಸುವ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಅವರ ಅನುಮತಿಗೆ ಕಾಯಬೇಕಾಗಿಲ್ಲ. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಪತ್ರ ಬರೆಯದೆ ಪ್ರಜ್ಞೆ ತಪ್ಪಿದವರಿಗೂ ಇದೇ ದಾರಿ, ಆಗ ಹತ್ತಿರದ ಸಂಬಂಧಿಕರ ಒಪ್ಪಿಗೆ ಬೇಕು. ಬರೆದವರು ಪ್ರಜ್ಞೆ ಇರುವ ತನಕ ಯಾವಾಗ ಬೇಕಾದರೂ ಅದನ್ನು ಬದಲಿಸಬಹುದು, ರದ್ದೂ ಮಾಡಬಹುದು. ಅದನ್ನೂ ಬರವಣಿಗೆಯಲ್ಲೇ ಮಾಡಿ, ಹಳೆಯ ಪ್ರತಿ ಇದ್ದವರಿಗೆಲ್ಲ ಹೊಸದನ್ನು ಕಳಿಸಬೇಕು.